ಗಂಟೆಗೆ ನಲವತ್ತೊಂದು ಸಲ

ಇಲ್ಲ, ಇಲ್ಲ, ಆ ‘ಪ್ಲೀಸ್’ ತೆಗಿ. ಹೊಡೆದು ಹಾಕು ಅದನ್ನ. ನಾನೇನು ಅವರ ಬಾಗಿಲಲ್ಲಿ ನಿಂತು ಬೇಡ್ತಾ ಇದ್ದೀನಾ ಶೆರಿನ್? ಬರಿ ನೀನು. ‘ನಿಮ್ಮ ಪರೀಕ್ಷೆ ಸುಳ್ಳು. ನಿಮ್ಮ ಮಿಷನ್ನು ನನಗೆ ಬೇಡ. ಇಂತಿ ದೊಡ್ಡಯ್ಯ, ಬಸ್ ಡ್ರೈವರ್.’ ಮೂರೇ ಸಾಲು. ಇಂಗ್ಲಿಷಲ್ಲಿ ಇನ್ನೂ ಚಿಕ್ಕದಾಗುತ್ತೆ... ಯಾಕಮ್ಮ, ಪೆನ್ನು ಯಾಕೆ ಕೆಳಗಿಟ್ಟೆ?

ಮೊದ್ಲು ಓದ್ಬೇಕಾ? ಓದು, ಓದು. ಎರಡೇ ಹಾಳೆ. ಮೇಲಿನದು ಕಾಗದ, ಕೆಳಗಿನದು ರಿಪೋರ್ಟು. ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿದ್ದೋಳನ್ನ ಎಬ್ಬಿಸಿಬಿಟ್ಟೆ, ಗೊತ್ತು, ಬೈಕೊ. ಆದ್ರೆ ಈ ಐರಿಷ್ ಊರು ಸಿಟಿವೆಸ್ಟಲ್ಲಿ ನಮ್ಮೋರು ಯಾರಿಗೇ ಆಸ್ಪತ್ರೆ ಕಾಗದ ಬಂದ್ರೂ ಅದು ಬಿಚ್ಚೋದು ಈ ನಿನ್ನ ಅಡಿಗೆಮನೆ ಟೇಬಲ್ ಮೇಲೇ ತಾನೆ? ‘ಏನಿಲ್ಲ ಅಣ್ಣ, ಗ್ರ್ಯಾಂಡ್’ ಅಂತ ಇಲ್ಲಿನೋರ ಥರ ನೀನು ಅಂದ್ರೆ ಮನೇಗ್ ಹೋಗಿ ನೆಮ್ಮದಿಯಾಗಿ ಉಣ್ತೀವಿ. ಫೀಸೂ ಇಲ್ಲ, ವೇಟಿಂಗ್ ಲಿಸ್ಟೂ ಇಲ್ಲ!

ನಿನ್ನ ಗಂಡ ಎಲ್ಲಿ, ಡೆರಿಕ್ ಮನೇಲಿಲ್ವಾ? ಓ... ಬುಧವಾರ. ಕಾರ್ಕ್‌ಗೆ ಹೋಗಿರ್ತಾನೆ, ಹಾಲಿಹಿಲ್ ಆಫೀಸಿಗೆ. ಹೋಗೋಕೆ ಎರಡೂವರೆ ಗಂಟೆ, ಬರೋಕೆ ಎರಡೂವರೆ ಗಂಟೆ, ಒಬ್ನೇ ಕಾರಲ್ಲಿ. ಮೂರಕ್ಕೆ ಬಿಟ್ರೆ ಐದೂವರೆಗೆ ಮನೆ. ಒಳ್ಳೇದಾಯ್ತು ಬಿಡು. ಈ ಕಾಗದದ ವಿಷ್ಯ ನಮ್ಮಿಬ್ಬರಲ್ಲೇ ಇರ್ಲಿ.

ಹಾಂ, ಅದೇ. ‘ಸಿವಿಯರ್’ ಅಂತ ಬರ್ದವ್ರೆ ನೋಡು. ಸ್ಲೀಪ್ ಆಪ್ನಿಯಾ, ಸಿವಿಯರ್. ನಿದ್ದೇಲಿ ಉಸಿರು ನಿಲ್ಲೋ ಕಾಯಿಲೆ. ಗಂಟೆಗೆ ನಲವತ್ತೊಂದು ಸಲ ಉಸಿರು ನಿಲ್ತದಂತೆ. ನಲವತ್ತೊಂದು! ರಾತ್ರಿಯೆಲ್ಲ ಮೂತಿಗೆ ಮಾಸ್ಕ್ ಹಾಕ್ಕೊಂಡು, ಮಿಷನ್ನು ಗಾಳಿ ಊದ್ತಾ ಇರ್ಬೇಕಂತೆ. ಒಂದಿನ ಎರಡು ದಿನ ಅಲ್ಲ, ಜೀವ ಇರೋತನಕ. ಇವತ್ತು ಐದು ಗಂಟೆಯೊಳಗೆ ಹೂಂ ಅನ್ಬೇಕು, ಇಲ್ಲಾಂದ್ರೆ ಕಂಪನಿ ಡಾಕ್ಟರಿಗೆ ಅವರೇ ಹೇಳ್ತಾರಂತೆ. ಟ್ರೀಟ್‌ಮೆಂಟ್ ಶುರು ಆಗೋತನಕ ಬಸ್ ಮುಟ್ಟೋ ಹಂಗಿಲ್ಲಂತೆ.

ಹೌದು, ಸೋಮವಾರ ಬಂತು ಕಾಗದ.

ಹೌದಮ್ಮ, ಓಡಿಸ್ದೆ. ಸೋಮವಾರಾನೂ ಓಡಿಸ್ದೆ, ನಿನ್ನೇನೂ ಓಡಿಸ್ದೆ. ಇವತ್ತೂ ಸಂಜೆ ಐದೂವರೆ ಟ್ರಿಪ್ಪು ನಂದೇ. ಹಂಗ್ ನೋಡ್ಬೇಡ. ಮುಖ ಗಂಟಿಕ್ಕೋಕೆ ಮುಂಚೆ ನನ್ನ ಮಾತು ಕೇಳು. ಟೀ ಆರೋಗ್ತೈತೆ, ಕುಡ್ಕೊಂಡೇ ಕೇಳು.

ಇದು ಶುರುವಾಗಿದ್ದು ಎಲ್ಲಿಂದ ಗೊತ್ತಾ? ನನ್ನ ಕುತ್ತಿಗೆಯಿಂದ. ನಗ್ಬೇಡ! ಕಂಪನಿ ಮೆಡಿಕಲ್ಲಿಗೆ ಕರೆದ್ರು. ಬಿಪಿ ನೋಡಿದ್ರು, ಕಣ್ಣು ನೋಡಿದ್ರು, ಆಮೇಲೆ ಒಂದು ಟೇಪ್ ತಗೊಂಡು ಕುತ್ತಿಗೆ ಸುತ್ತ ಅಳತೆ ತಗೊಂಡ್ರು. ಅಂಗಿ ಹೊಲೀತೀರಾ ಸ್ವಾಮಿ ಅಂದೆ. ಆ ಹುಡುಗ ಡಾಕ್ಟ್ರಿಗೆ ನಗೂನೇ ಬರ್ಲಿಲ್ಲ. ಹದಿನೇಳೂವರೆ ಇಂಚು ಅಂತ ಬರ್ಕೊಂಡ. ಬಾಯಿ ತೆಗಿ ಅಂದ, ನಾಲಿಗೆ ಚಾಚು ಅಂದ. ನಮ್ಮ ಕಡೆ ಎತ್ತು ಕೊಳ್ಳೋರು ಹಲ್ಲು ನೋಡ್ತಾರಲ್ಲ, ಥೇಟ್ ಹಂಗೆ! ಹಿಂದುಗಡೆ ಲೈನಲ್ಲಿದ್ದ ಐರಿಷ್ ಡ್ರೈವರ್‌ಗೂ ಅಳತೆ ತಗೊಂಡ್ರು, ಸುಳ್ಳು ಹೇಳಲ್ಲ. ಅವನಿಗೂ ಇದೇ ನಿದ್ದೆ ಪರೀಕ್ಷೆ ಡಬ್ಬಿ ಕಳಿಸಿದ್ರು. ಅವನು ಮಾಸ್ಕ್ ಹಾಕ್ಕೊಂಡು ‘ಗ್ರ್ಯಾಂಡ್’ ಅಂತ ಓಡಾಡ್ತಾವ್ನೆ. ಅವನು ಕುರಿ. ನಾನು ಕುರಿ ಅಲ್ಲ.

ಸರ್ಕಾರಿ ಆಸ್ಪತ್ರೇಲಿ ಪರೀಕ್ಷೆ ಮಾಡಿಸಿ ಅಂದೆ. ವರ್ಷಕ್ಕೂ ಮೇಲೆ ಕಾಯ್ಬೇಕು ಅಂದ್ರು. ಅದಕ್ಕೇ ಈ ಪ್ರೈವೇಟ್ ಕ್ಲಿನಿಕ್. ಈಗ ನೀನೇ ಹೇಳು, ಪರೀಕ್ಷೆ ಮಾಡೋರು ಯಾರು? ಇವರು. ಕಾಯಿಲೆ ಐತೆ ಅನ್ನೋರು ಯಾರು? ಇವರು. ಮಿಷನ್ನು ಬಾಡಿಗೆಗೆ ಕೊಡೋರು? ಇವರೇ! ಚಪ್ಪಲಿ ಅಂಗಡಿಯೋನ ಹತ್ರ ಹೋಗಿ ‘ಯಣ್ಣ, ನನ್ನ ಚಪ್ಪಲಿ ಸವೆದೈತಾ ನೋಡು’ ಅಂದ್ರೆ ಅವನು ಏನಂತಾನೆ?

ನೀನು ನರ್ಸು, ನೀನು ಅವರ ಕಡೆಯೋಳು. ಅವರ ಕಡೆ ಅಂದ್ರೆ... ತಪ್ಪು ತಿಳ್ಕೋಬೇಡ. ಕೋವಿಡ್ ಟೈಮಲ್ಲಿ ಈ ಬೀದಿಗೆಲ್ಲ ಓಡಾಡ್ದೋಳು ನೀನು. ನಾನು ಹೇಳ್ತಿರೋದು ನರ್ಸುಗಳ ಮಾತಲ್ಲ, ಕಾಗದದ ತಲೆಮೇಲೆ ಬಣ್ಣದಲ್ಲಿ ಹೆಸರು ಹಾಕಿಸ್ಕೊಂಡವ್ರಲ್ಲ, ಅವರ ಮಾತು. ಆ ಮಿಷನ್ನೊಳಗೆ ಸಿಮ್ ಐತೆ, ಗೊತ್ತಾ ನಿಂಗೆ? ಗೊತ್ತಾ? ಹೌದೋ ಅಲ್ವೋ ಹೇಳು. ಹಾಂ, ಐತೆ. ಎಷ್ಟು ಗಂಟೆಗೆ ಮಲಗ್ದೆ, ಎಷ್ಟು ಗಂಟೆಗೆ ಎದ್ದೆ, ಮಾಸ್ಕ್ ಎಷ್ಟೊತ್ತು ಇತ್ತು, ಬೆಳಗಾಗೋಷ್ಟರಲ್ಲಿ ಎಲ್ಲ ಅವರ ಕಂಪ್ಯೂಟರಿಗೆ. ಹಗಲು ಎಂಟು ಗಂಟೆ ಮೈ ಮಾರ್ಕೊಂಡಿದ್ದೀನಿ, ಒಪ್ಪಿದೆ. ಸಂಬಳ ಕೊಡ್ತಾರೆ, ತಗೋತೀನಿ. ನಿದ್ದೆ ನಂದು. ನಿದ್ದೇಲಿ ಎಳ್ಕೊಳ್ಳೋ ಉಸಿರೂ ನಂದು. ಅದನ್ನ ನಾನು ಯಾವ ಮಾಲೀಕನಿಗೂ ಮಾರಿಲ್ಲ!

ಜೋರಾಯ್ತಾ? ಆಯ್ತು, ಆಯ್ತು, ಕೂಗಲ್ಲ. ಪಕ್ಕದ ಮನೆಯೋರಿಗೆ ಕನ್ನಡ ಬರಲ್ಲ ಬಿಡು.

ನಿನಗೆ ನಾನು ಒಣ ಜಗಳಗಂಟ ಅನ್ನಿಸ್ತೀನಿ. ನಮ್ಮನೆ ರಾಜಮ್ಮಂಗೂ ಹಂಗೇ ಅನ್ಸುತ್ತೆ. ನೀವು ಆಸ್ಪತ್ರೇಲಿ, ನರ್ಸಿಂಗ್ ಹೋಮಲ್ಲಿ ದುಡಿಯೋ ಹೆಂಗಸರಿಗೆ ಡಾಕ್ಟ್ರು ಹೇಳಿದ್ದೇ ವೇದ... ಬೈಬಲ್ಲು ಅಂತಿಟ್ಕೊ. ನಾನು ಹೆಂಡ್ತಿ ವೀಸಾದಲ್ಲಿ ಅವಳ ಹಿಂದೆ ಈ ದೇಶಕ್ಕೆ ಬಂದೋನು, ಮುಚ್ಚಿಡೋದೇನು. ಆದ್ರೆ ಅದಕ್ಕೆ ಮುಂಚೆ ಪೀಣ್ಯದ ಫ್ಯಾಕ್ಟರೀಲಿ ಹನ್ನೊಂದು ವರ್ಷ ಕೆಲ್ಸ ಮಾಡಿದ್ದೀನಿ. ಏಳನೇ ಕ್ಲಾಸು ಓದಿದೋನು. ಲೇಬರ್ ಕೋರ್ಟಿನ ಆರ್ಡರ್‌ಗಳನ್ನ ಡಿಕ್ಷನರಿ ಇಟ್ಕೊಂಡು ಓದಿ ಇಂಗ್ಲಿಷ್ ಕಲಿತೋನು. ಅಲ್ಲಿ ನಾವು ಯೂನಿಯನ್ ಕಟ್ಟಿದ್ವಿ. ಕಟ್ಟಿ ಮೂರು ತಿಂಗಳಾಗಿಲ್ಲ, ಮ್ಯಾನೇಜ್‌ಮೆಂಟಿಗೆ ಇದ್ದಕ್ಕಿದ್ದಂಗೆ ನಮ್ಮ ಕಣ್ಣುಗಳ ಮೇಲೆ ಪ್ರೀತಿ ಬಂತು! ಎಲ್ಲರಿಗೂ ಫ್ರೀ ಕಣ್ಣಿನ ಪರೀಕ್ಷೆ. ಪುಸ್ತಕದಲ್ಲಿ ಬಣ್ಣಬಣ್ಣದ ಚುಕ್ಕಿ ತೋರ್ಸಿ ನಂಬರ್ ಹೇಳು ಅಂದ್ರು. ಒಂದು ವಾರದಲ್ಲಿ ಎಂಟು ಜನ ‘ಬಣ್ಣ ಕಾಣಲ್ಲ, ಅನ್‌ಫಿಟ್’ ಅಂತ ಮನೆಗೆ ಹೋದ್ರು. ಎಂಟೂ ಜನ ಯೂನಿಯನ್ ಕಮಿಟಿಯೋರು. ಶ್ರೀಕಂಠ ಅಂತ ಇದ್ದ, ನನ್ನ ಜೊತೆಗಾರ. ವೈರ್ ಜೋಡಿಸೋದು ಅವನ ಕೆಲ್ಸ. ಕೆಂಪು ಹಸಿರು ಹಳದಿ ಇಪ್ಪತ್ತು ವೈರು ಕೊಟ್ರೆ ಮಾತಾಡ್ತಾ ಮಾತಾಡ್ತಾ ಜೋಡಿಸಿಬಿಡೋನು. ಅವನಿಗೆ ಬಣ್ಣ ಕಾಣಲ್ಲಂತೆ! ಡಾಕ್ಟ್ರ ಸಹಿ, ಸೀಲು, ಎಲ್ಲ ಐತೆ. ಆಮೇಲೆ ಅವನು ತಳ್ಳುಗಾಡೀಲಿ ಟೊಮ್ಯಾಟೊ ಮಾರ್ತಿದ್ದ. ಹಣ್ಣು ಯಾವುದು ಕಾಯಿ ಯಾವುದು ಅಂತ ಒಂದಿನಾನೂ ತಪ್ಪಲಿಲ್ಲ.

ಈಗ ತಿಳೀತಾ? ಕೆಲಸಗಾರನ ಮೈಮೇಲೆ ಮಾಲೀಕ ಅಳತೆಪಟ್ಟಿ ಇಟ್ಟ ಅಂದ್ರೆ ನನಗೆ ರಕ್ತ ಕುದಿಯೋದು ಯಾಕೆ ಅಂತ?

ಬನ್ಸ್ ಚೆನ್ನಾಗವೆ. ನೀನೇ ಮಾಡಿದ್ದಾ? ಬಾಳೆಹಣ್ಣು ಸ್ವಲ್ಪ ಜಾಸ್ತಿ ಹಾಕಿದ್ದೀಯ. ಇರ್ಲಿ, ಇನ್ನೊಂದು ಕೊಡು.

ಗೊರಕೆನಾ? ಹೊಡೀತೀನಿ. ಯಾವ ಗಂಡಸು ಹೊಡಿಯಲ್ಲ? ಅಪ್ಪ ಹೊಡೀತಿದ್ದ, ತಾತ ಹೊಡೀತಿದ್ದ. ರಾಜಮ್ಮ ಈಗ ಐಶು ರೂಮಲ್ಲಿ ಮಲಗ್ತಾಳೆ. ನನ್ನ ಮಗಳು ನೋಡು, ಹದಿನಾಲ್ಕು ವರ್ಷ, ಬೆಳಗ್ಗೆ ಎದ್ದು ಆ ಐರಿಷ್ ರಾಗದಲ್ಲಿ ‘ಅಪ್ಪಾ, ಯು ಸೌಂಡ್ ಲೈಕ್ ಎ ಟ್ರ್ಯಾಕ್ಟರ್ ಡೈಯಿಂಗ್’ ಅಂತಾಳೆ. ಹುಟ್ಟಿದಾಗಿಂದ ಒಂದು ಟ್ರ್ಯಾಕ್ಟರ್ ಹತ್ತಿಲ್ಲ, ಅದು ಸಾಯೋದು ಹೆಂಗೆ ಅಂತ ಇವಳಿಗೇನು ಗೊತ್ತು? ರಾಜಮ್ಮ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡವ್ಳೆ. ‘ಕೇಳ್ರೀ, ಒಂದ್ಸಲ ಕೇಳ್ರೀ, ಮಧ್ಯೆ ಸದ್ದೇ ಇರಲ್ಲ’ ಅಂತ ಹಿಂದೆ ಹಿಂದೆ ಬರ್ತಾಳೆ. ನಾನು ಕೇಳಿಲ್ಲ. ಕೇಳೋದೂ ಇಲ್ಲ. ನಿದ್ದೆ ಮಾಡೋನ ಮೇಲೆ ಸಾಕ್ಷಿ ಸಂಗ್ರಹ ಮಾಡೋದು ಹೆಂಡ್ತಿ ಕೆಲ್ಸನಾ, ಪೊಲೀಸ್ ಕೆಲ್ಸನಾ?

ಏನದು? ಆ ಪ್ರಶ್ನೆ ಪಟ್ಟಿನಾ? ಅದೂ ಅವರು ಕಳಿಸಿದ್ದೇ. ‘ಕೂತು ಓದ್ತಿರುವಾಗ ತೂಕಡಿಕೆ ಬರುತ್ತಾ? ಮಧ್ಯಾಹ್ನ ಊಟ ಆದ್ಮೇಲೆ? ಟ್ರಾಫಿಕ್ಕಲ್ಲಿ ಗಾಡಿ ನಿಂತಾಗ?’ ಸೊನ್ನೆಯಿಂದ ಮೂರರ ತನಕ ಮಾರ್ಕ್ಸ್ ಹಾಕ್ಬೇಕು. ಎಲ್ಲಾದಕ್ಕೂ ಸೊನ್ನೆ ಹಾಕ್ದೆ. ಸಾಲಾಗಿ ಎಂಟು ಸೊನ್ನೆ! ಮೈಮೇಲೆ ಪ್ರಜ್ಞೆ ಇರೋ ಯಾವ ಡ್ರೈವರ್ ತಾನೆ ‘ಹೌದು ಸ್ವಾಮಿ, ಟ್ರಾಫಿಕ್ಕಲ್ಲಿ ನಿದ್ದೆ ಮಾಡ್ತೀನಿ’ ಅಂತ ಕೈಯಾರೆ ಬರ್ದು ಸಹಿ ಹಾಕ್ತಾನೆ?

ನಿಜ ಏನು ಅಂತ ಕೇಳ್ತೀಯ... ನಿಜಾನೇ ಬರ್ದಿದ್ದೀನಿ. ದಣಿವು ಬೇರೆ, ಕಾಯಿಲೆ ಬೇರೆ. ಬೆಳಗಿನ ಶಿಫ್ಟ್ ಇದ್ದಾಗ ನಾಲ್ಕೂವರೆಗೆ ಏಳೋನಿಗೆ ಮಧ್ಯಾಹ್ನ ಕಣ್ಣು ಎಳೆಯುತ್ತೆ. ಅದಕ್ಕೆ ಬೇಕಾದ ಔಷಧಿ ಒಳ್ಳೆ ರೋಸ್ಟರ್, ಮಾಸ್ಕ್ ಅಲ್ಲ. ಅದನ್ನ ಬರಿ ಕಾಗದದಲ್ಲಿ. ಬರಿ, ಒಳ್ಳೆ ಪಾಯಿಂಟು.

ಯಾಕೆ ಬರೀತಿಲ್ಲ?

ಹೋಗ್ಲಿ, ಕೆಳಗಿನ ಹಾಳೆ ನೋಡು, ಅದರಲ್ಲಿ ಇನ್ನೂ ದೊಡ್ಡ ಸುಳ್ಳೈತೆ. ‘ಅತಿ ದೀರ್ಘ ನಿಲುಗಡೆ, ಐವತ್ತೆಂಟು ಸೆಕೆಂಡ್.’ ಐವತ್ತೆಂಟು! ನೀನು ಈಗ ಮೂಗು ಹಿಡ್ಕೊಂಡು ಕೂರು, ನೋಡೋಣ. ಐವತ್ತೆಂಟು ಸೆಕೆಂಡ್ ಉಸಿರಿಲ್ದೇ ಇದ್ದೋನು ಬೆಳಗ್ಗೆ ಎದ್ದು ಬ್ರಷ್ ಮಾಡ್ತಾನಾ? ಬ್ರೆಡ್ಡಿಗೆ ಬೆಣ್ಣೆ ಹಚ್ತಾನಾ? ಇಂಥದ್ದನ್ನ ಅಚ್ಚು ಹಾಕಿ ಸಹಿ ಮಾಡೋಕೆ ಅವರಿಗೆ ನಾಚಿಕೆ ಆಗ್ಬೇಕು.

ಉಸಿರು ಕಟ್ಟಿದಾಗ ಎದ್ದೇಳ್ತಾರಾ? ಎದ್ದಿದ್ದೇ ನೆನಪಿರಲ್ವಾ ಅವರಿಗೆ? ಇದೆಲ್ಲ ನಿಮ್ಮ ಟ್ರೈನಿಂಗಲ್ಲಿ ಹೇಳ್ಕೊಟ್ಟಿದ್ದಾ?... ಹೂಂ.

ಇಲ್ಲ ಶೆರಿನ್, ನಿನ್ನ ಟ್ರೈನಿಂಗ್ ಮೇಲೆ ನನಗೆ ಅನುಮಾನ ಇಲ್ಲ. ಈ ರಿಪೋರ್ಟ್ ಮೇಲೆ ಅನುಮಾನ... ಅನುಮಾನ ಏನು, ಗ್ಯಾರಂಟಿ. ಇದು ಸುಳ್ಳು ಅಂತ ನನಗೆ ಗ್ಯಾರಂಟಿ ಗೊತ್ತು. ನನ್ನ ಹತ್ರ ಪ್ರೂಫ್ ಐತೆ.

ಅದು... ಅದನ್ನ ಕಾಗದದಲ್ಲಿ ಬರೆಯೋಕಾಗಲ್ಲ. ನನ್ನ ಮಾತು ನಂಬು, ಸಾಕು. ಐದಾಗೋಕೆ ಇನ್ನು ಒಂದೂವರೆ ಗಂಟೆ ಅಷ್ಟೇ ಐತೆ, ಮೂರು ಸಾಲು ಬರ್ದು ಈಮೇಲ್ ಮಾಡ್ಬಿಡು ತಾಯಿ.

ಎಲ್ಲಿ ಬೆರಳಿಟ್ಟಿದ್ದೀಯ? ಪಲ್ಸಾ? ‘ಸರಾಸರಿ ನಲವತ್ತೊಂಬತ್ತು.’ ಇರ್ಲಿ, ಅದ್ರಲ್ಲೇನೈತೆ? ಮಲಗಿದಾಗ ಕಮ್ಮಿ ಆಗುತ್ತೆ ಎಲ್ಲರಿಗೂ. ಅದನ್ನ ಬಿಡು, ಈ ಕಡೆ ನೋಡು, ಈ ಗ್ರಾಫು...

ಯಾಕಮ್ಮ ಕೈ ಹಿಡ್ದೆ? ಏಯ್, ಮಣಿಕಟ್ಟು ಯಾಕೆ ಒತ್ತಿದ್ದೀಯ? ಗಡಿಯಾರ ನೋಡ್ತಾ... ಏನು ಅಂತ ಹೇಳ್ಬಾರ್ದಾ ಬಾಯಿಬಿಟ್ಟು...

ಎಂಬತ್ತೆಂಟು. ಅಷ್ಟಿರುತ್ತೆ ನಂದು. ನೀನೇ ತಿಂಗಳು ತಿಂಗಳೂ ಬಿಪಿ ನೋಡುವಾಗ ನೋಡಿದ್ದೀಯಲ್ಲ. ಮಲಗಿದ್ರೆ ಎಪ್ಪತ್ತು... ಎಪ್ಪತ್ತಕ್ಕಿಂತ ಕೆಳಗೆ ಯಾವತ್ತೂ ಇಳಿದಿಲ್ಲ, ಹೌದು. ಟಾಲಾ ಆಸ್ಪತ್ರೇಲಿ ಅಪೆಂಡಿಕ್ಸಿಗೆ ಮಲಗಿದ್ದಾಗ್ಲೂ ಇಳೀಲಿಲ್ಲ, ಹೌದು, ನಿನಗೆ ನೆನಪೈತೆ.

ಹಂಗ್ ಸುಮ್ನೆ ನೋಡ್ಬೇಡ. ಬೈ, ಕೂಗು, ಏನಾದ್ರೂ ಅನ್ನು. ಪೊಲೀಸಿನೋರು ಹಿಂಗೇ ಮಾಡ್ತಾರೆ, ಸುಮ್ನೆ ಕೂತ್ಕೋತಾರೆ. ನನಗೆ ಗೊತ್ತು ಆ ಆಟ.

ಸರಿ. ಹೇಳ್ತೀನಿ. ಹೇಳ್ದೆ ಇದ್ರೆ ನೀನು ಬರ್ಯಲ್ಲ ಅಂತ ಕಾಣುತ್ತೆ.

ಪರೀಕ್ಷೆ ರಾತ್ರಿ ಆ ಪಟ್ಟಿ ಕಟ್ಕೊಂಡು ಮಲಗಿದ್ದು ನಾನಲ್ಲ.

ನಾನಲ್ಲ. ಡಬ್ಬಿ ಅಂಚೇಲಿ ಬಂತು. ಎದೆಗೊಂದು ಬೆಲ್ಟು, ಬೆರಳಿಗೊಂದು ಕ್ಲಿಪ್ಪು, ಮೂಗಿಗೊಂದು ಪೈಪು. ಮನೇಲೇ ಹಾಕ್ಕೊಂಡು ಒಂದು ರಾತ್ರಿ ಮಲಗಿ ವಾಪಸ್ ಕಳಿಸಿ ಅಂತ. ಯಾರು ಹಾಕ್ಕೊಂಡ್ರು ಅಂತ ನೋಡೋಕೆ ಯಾರೂ ಬರಲ್ಲ. ಹೆಸರು ಮೇಲೆ ಅಂಟಿಸಿರೋದು ಅಷ್ಟೇ. ನಗ್ತಿದ್ದೀಯಾ? ಇಲ್ವಾ... ನಾನೇ ಮೊದಲನೇವ್ನಾ ಏನು ಹಿಂಗೆ ಮಾಡಿದ್ದು? ನಮ್ಮ ಹುಡುಗ್ರು ಕಾಲೇಜಲ್ಲಿ ಪ್ರಾಕ್ಸಿ ಹಾಕಲ್ವಾ? ‘ಶ್ರೀಹರ್ಷ’ ಅಂದ್ರೆ ಹಿಂದಿನ ಬೆಂಚಿನ ಇನ್ನೊಬ್ಬ ‘ಪ್ರೆಸೆಂಟ್ ಸಾರ್’ ಅನ್ನಲ್ವಾ? ಹಂಗೇ ಅಂತಿಟ್ಕೊ. ಅವರು ನನಗೆ ಬಲೆ ಹಾಕಿದ್ರು, ನಾನು ಅವರಿಗೆ ಬಲೆ ಹಾಕ್ದೆ! ಎಲ್ಲಕ್ಕಿಂತ ಆರೋಗ್ಯವಂತ ಒಬ್ಬನನ್ನ ಹುಡುಕ್ದೆ. ಅವನ ಉಸಿರನ್ನ ನನ್ನ ಹೆಸರಲ್ಲಿ ಕಳಿಸ್ದೆ. ಕ್ಲೀನ್ ರಿಪೋರ್ಟ್ ಬರುತ್ತೆ, ಕಥೆ ಮುಗೀತು ಅಂದ್ಕೊಂಡೆ. ಏನು ಬಂತು? ಸಿವಿಯರ್! ಗಂಟೆಗೆ ನಲವತ್ತೊಂದು! ಅರ್ಥ ಆಯ್ತಾ ಈಗ? ಕಳ್ಳರು ಸಿಕ್ಕಿಬಿದ್ರು ಶೆರಿನ್! ಕುತ್ತಿಗೆ ದಪ್ಪ ಇರೋ ಡ್ರೈವರ್ ಅಂತ ಹೆಸರು ನೋಡಿದ್ರು, ಡಬ್ಬೀನೂ ಬಿಚ್ಚದೆ ಸಿವಿಯರ್ ಅಂತ ಬರ್ದ್ರು. ಯಾಕಂದ್ರೆ ಅದನ್ನ ಕಟ್ಕೊಂಡೋನಿಗೆ ಯಾವ ಕಾಯಿಲೇನೂ ಇಲ್ಲ, ಇರೋಕೆ ಸಾಧ್ಯಾನೇ ಇಲ್ಲ.

ಯಾರು ಅನ್ನೋದು ಬಿಡು. ಮಾತು ಕೊಟ್ಟಿದ್ದೀನಿ. ಅವನ ಮನೆಯೋಳಿಗೆ ಗೊತ್ತಾದ್ರೆ ಅವನ ಚರ್ಮ ಸುಲೀತಾಳಂತೆ. ಕುಡಿಯಲ್ಲ, ಸೇದಲ್ಲ. ಕಡ್ಡಿ ಹಂಗವ್ನೆ, ಕುತ್ತಿಗೆ ಅಂತೂ ಕೊಕ್ಕರೆ ಥರ. ಭಾನುವಾರ ಹತ್ತು ಕಿಲೋಮೀಟರ್ ಓಡಿ ಬಂದು ಆಮೇಲೆ ಬ್ಯಾಡ್ಮಿಂಟನ್ ಆಡ್ತಾನೆ, ನನ್ನನ್ನ ಕೋರ್ಟಿನ ಮೂಲೆಮೂಲೆಗೂ ಓಡಿಸಿ ಸಾಯಿಸ್ತಾನೆ. ಅಂಥವನಿಗೆ ಉಸಿರು ನಿಲ್ಲುತ್ತಾ? ಹಂಗಾದ್ರೆ ಈ ದೇಶದಲ್ಲಿ ಉಸಿರಾಡೋನು ಒಬ್ಬನೂ ಇಲ್ಲ!

...

ಶೆರಿನ್?

ಎಲ್ಲಿ ನೋಡ್ತಿದ್ದೀಯ? ಬಾಗಿಲ ಹತ್ರ ಏನೈತೆ? ಅವನ ಓಡೋ ಬೂಟು... ಬೂಟು ಬಿಡು. ಬ್ಯಾಡ್ಮಿಂಟನ್ ನಾನು ನೂರು ಜನದ ಜೊತೆ ಆಡ್ತೀನಿ. ಅವನೇ ಅಂತ ಯಾರು ಹೇಳಿದ್ರು?

ರಿಪೋರ್ಟಲ್ಲಿರೋ ಆ ಮಂಗಳವಾರ ನಿನಗೆ ನೈಟ್ ಇತ್ತು, ಹೌದು. ಅದಕ್ಕೇ ಆ ದಿನ... ಛೆ. ಬಂತು ನೋಡು ಬಾಯಿಗೆ. ಸರಿ. ಡೆರಿಕ್. ಡೆರಿಕ್ಕೇ ಕಟ್ಕೊಂಡಿದ್ದು. ಅವನನ್ನ ಬೈಬೇಡ, ‘ಒಂದು ರಾತ್ರಿ ತಾನೆ ಅಣ್ಣ’ ಅಂತ ನಗ್ತಾ ಒಪ್ಕೊಂಡ. ತಪ್ಪೆಲ್ಲ ನಂದು. ಬೈಯೋದಾದ್ರೆ ನನಗೆ ಬೈ. ಆದ್ರೆ ಈಗ್ಲಾದ್ರೂ ಒಪ್ಕೋ, ರಿಪೋರ್ಟ್ ಸುಳ್ಳು. ಡೆರಿಕ್‌ಗೆ ಕಾಯಿಲೇನಾ? ನೀನೇ ಹೇಳು, ನಿನ್ನ ಗಂಡನಿಗೆ ಕಾಯಿಲೇನಾ?

ಹೇಳು.

ಯಾಕೆ ಹಿಂಗೆ ಬಿಳಿಚ್ಕೊಂಡೆ? ನೀರು ಕುಡಿ. ನೀನು ನೈಟು, ಅವನು ಡೇ, ವಾರದಲ್ಲಿ ಎಷ್ಟು ರಾತ್ರಿ ನೀವಿಬ್ರೂ ಒಂದೇ ಹೊತ್ತಿಗೆ ಮಲಗ್ತೀರ... ಎರಡು? ಆ ಎರಡು ದಿನಾನೂ ನೀನು ಸುಸ್ತಾಗಿ ಕಲ್ಲು ಬಿದ್ದಂಗೆ ಮಲಗ್ತೀಯ. ನಿನಗೆ ಗೊತ್ತಾಗೋಕೆ... ಇಲ್ಲ, ನಾನು ಏನ್ ಹೇಳ್ತಾ ಇದ್ದೀನಿ...

ಅವನಿಗೆ ಬೆಳಗ್ಗೆ ತಲೆನೋವಾ? ಎಷ್ಟು ದಿನದಿಂದ? ಯಾರಿಗೆ ಬರಲ್ಲ ತಲೆನೋವು! ಚರ್ಚಲ್ಲಿ ಪಾದ್ರಿ ಪ್ರಸಂಗಕ್ಕೆ ಮಲಗ್ಬಿಡ್ತಾನೆ ಅಂತ ನೀನೇ ಹೇಳಿ ನಗಿಸ್ತಿದ್ದೆ, ಪಾದ್ರಿಗಳು ಮಾತಾಡೋದೇ ಹಂಗೆ. ನಮ್ಮ ಬ್ಯಾಡ್ಮಿಂಟನ್ ಹಾಲಲ್ಲೂ ಮಲಗ್ತಾನೆ. ಗೇಮ್ ಮುಗಿದು ಬೆಂಚ್ ಮೇಲೆ ಕೂತ, ಬಾಟಲ್ ಮುಚ್ಚಳ ತೆಗೆದ, ಅಷ್ಟೇ. ಕೈಯಲ್ಲಿ ಬಾಟಲ್ ಹಂಗೇ ಐತೆ, ನಿದ್ದೆ. ನಾವೆಲ್ಲ ಫೋಟೊ ಹೊಡ್ಕೊಂಡು ಗ್ರೂಪಿಗೆ ಹಾಕ್ತಿದ್ವಿ. ಒಂದ್ಸಲ ಗುರುಪ್ರಸಾದ ಅವನ ಮೂಗಿಗೆ ಶಟಲ್ ಕಾಕ್ ಇಟ್ರೂ ಎಚ್ಚರ ಆಗ್ಲಿಲ್ಲ...

ಸಣ್ಣಗಿರೋರಿಗೂ ಬರುತ್ತಾ?

ದವಡೆ... ದವಡೆ ಚಿಕ್ಕದಿದ್ರೂ ಬರುತ್ತಾ? ಕುತ್ತಿಗೆ ಒಂದೇ ಅಲ್ವಾ? ನನಗೆ ಯಾರೂ ಹೇಳ್ಲಿಲ್ಲ. ನಾನು ಇಷ್ಟು ಓದಿದ್ದೀನಿ, ಇಂಟರ್ನೆಟ್ಟಲ್ಲಿ, ಅವರ ವಿರುದ್ಧ ಬರ್ದಿದ್ದೆಲ್ಲ ಹುಡುಕಿ ಹುಡುಕಿ ಓದಿದ್ದೀನಿ... ಇದು ಓದ್ಲಿಲ್ಲ.

ಎಷ್ಟೀಗ ಟೈಮು? ಮೂರೂಮುಕ್ಕಾಲು. ಅವನು ಕಾರ್ಕ್‌ನಿಂದ ಮೂರಕ್ಕೆ ಬಿಟ್ಟಿದ್ರೆ ಈಗ... ಕ್ಯಾಶೆಲ್ ಹತ್ತಿರ. ಮೋಟಾರ್‌ವೇ. ನೆಟ್ಟಗೆ ರಸ್ತೆ, ಒಂದು ತಿರುವಿಲ್ಲ, ಒಂದು ಸಿಗ್ನಲ್ಲಿಲ್ಲ. ಬಿಸಿಲು ಬೇರೆ. ಮಾಡು, ಫೋನ್ ಮಾಡು. ಗಾಡೀಲಿ ಸ್ಪೀಕರ್ ಐತೆ, ಎತ್ತುತಾನೆ. ಮಾಡು ಶೆರಿನ್.

ಆಗ್ತೈತಾ ರಿಂಗು?

ಇನ್ನೊಂದ್ಸಲ ಮಾಡು. ಕೊಡು, ನಾನು ಒತ್ತುತೀನಿ... ಸರಿ, ನೀನೇ ಒತ್ತು. ಒಬ್ಬೊಬ್ರು ಗಾಡೀಲಿ ಎತ್ತಲ್ಲ. ಅದು ಒಳ್ಳೇದೇ, ಕಾನೂನು ಪ್ರಕಾರ ಎತ್ತಬಾರ್ದು. ಎತ್ತಲ್ಲ ಅಂದ್ರೆ ಏನೋ ಆಗೈತೆ ಅಂತಲ್ಲ. ಎತ್ತಪ್ಪ. ಎತ್ತೋ ಮಾರಾಯ. ಎಷ್ಟನೇ ರಿಂಗು ಇದು?...

ಎತ್ತಿದ್ನಾ!

ಏನಂತೆ? ನಿಮ್ಮ ಕೊಂಕಣಿ ನನಗೆ ಬರಲ್ಲ, ನಿಧಾನ ಮಾತಾಡು... ಪಕ್ಕಕ್ಕೆ ಹಾಕು ಅಂತಿದ್ದೀಯ ತಾನೆ? ಹಾಕು ಅನ್ನು. ಸರ್ವೀಸ್ ಸ್ಟೇಷನ್ ಐತೆ ಮುಂದೆ, ಅಲ್ಲಿ ನಿಲ್ಸು ಅನ್ನು, ಕೀ ತೆಗೆದು ಒಳಗೆ ಹೋಗಿ ಕೂತ್ಕೊ ಅನ್ನು. ಏನಂತ ಕೇಳ್ತಾವ್ನೆ? ಯಾಕೆ ಅಂತಾನಾ? ನಗ್ತಿದ್ದಾನಾ? ನಗ್ಲಿ. ನಗ್ಲಿ ಬಿಡು. ದೊಡ್ಡಣ್ಣ ಹೇಳವ್ನೆ ಅನ್ನು. ದೊಡ್ಡಣ್ಣ ಕಾಲಿಗೆ ಬೀಳ್ತಾವ್ನೆ ಅನ್ನು.

ನಿಲ್ಲಿಸಿದ್ನಾ? ನಿಜವಾಗ್ಲೂ? ಇಂಜಿನ್ ಆಫ್ ಆಗಿದ್ದು ಕೇಳಿಸ್ತಾ ನಿನಗೆ?

ಅಬ್ಬ.

ಕೂತ್ಕೋ ನೀನು. ಕೂತ್ಕೋ ಮೊದ್ಲು. ಅಳು, ಪರವಾಗಿಲ್ಲ. ನಾನು... ನಾನು ಆ ರಿಪೋರ್ಟ್ ಸೋಮವಾರ ಓದ್ದೆ. ಮಂಗಳವಾರ ಪೂರ್ತಿ ಜೇಬಲ್ಲಿಟ್ಕೊಂಡು ಓಡಾಡ್ದೆ. ಅವನಿಗೆ ಒಂದು ಮಾತು ಹೇಳ್ಬಹುದಾಗಿತ್ತು. ಹೇಳ್ಲಿಲ್ಲ. ಕಳ್ಳರನ್ನ ಹಿಡ್ದೆ ಅನ್ನೋ ಖುಷೀಲಿದ್ದೆ. ಇವತ್ತು ಬೆಳಗ್ಗೆ ಅವನು ಕಾರ್ ತೆಗೀತಿದ್ದಾಗ ನಾನು ನಮ್ಮ ಕಿಟಕಿಯಿಂದ ಕೈ ಬೀಸ್ದೆ ಕಣಮ್ಮ.

ಯಾರು ಕರ್ಕೊಂಡ್ ಬರ್ತಾರೆ ಅವನನ್ನ? ಬಸ್ಸಲ್ಲಿ ಬರ್ಲಿ, ಅಲ್ಲಿಂದ ಸಿಗುತ್ತೆ. ಕಾರು ನಾಳೆ ತಂದ್ರಾಯ್ತು. ನಾನೇ ಹೋಗಿ ತರ್ತೀನಿ. ಈಗ ಹೊರಡ್ಬೇಕು ನಾನು, ನಾಲ್ಕಾಯ್ತು. ಡಿಪೋಗೆ ಹೋಗಿ ಬಸ್ ಚೆಕ್ ಮಾಡಿ... ಕಾಗದ ಬೇಡ ಬಿಡು. ಹರಿದು ಹಾಕು. ಕ್ಲಿನಿಕ್ಕಿಗೆ ನಾಳೆ ನಾನೇ ಫೋನ್ ಮಾಡಿ ಮಾತಾಡ್ತೀನಿ. ನಾಳೆ.

ಏನು?

ಯಾಕೆ ಬಾಗಿಲಿಗೆ ಅಡ್ಡ ನಿಂತೆ?

ಕೈ ಯಾಕೆ ಚಾಚ್ತಿದ್ದೀಯ? ಏನ್ ಬೇಕು ಹೇಳು. ಇದಾ? ಕೀನಾ? ಇದು ನನ್ನ ಕಾರಿಂದು. ನನಗೇನಾಗೈತೆ? ಆ ರಿಪೋರ್ಟ್ ನಂದಲ್ಲ ಅಂತ ಈಗ ತಾನೆ ಹೇಳಿದ್ನಲ್ಲ! ನಲವತ್ತೊಂದು ನಂದಲ್ಲ. ನನ್ನದು ಎಷ್ಟು ಅಂತ ಯಾರೂ ಅಳೆದಿಲ್ಲ. ಸೊನ್ನೇನೂ ಇರ್ಬಹುದು.

ಕೇಳು, ಏನ್ ಕೇಳ್ಬೇಕೋ ಕೇಳ್ಬಿಡು. ‘ಕಾಯಿಲೆ ಇಲ್ದೋನು ಯಾಕೆ ಬೇರೆಯವನಿಗೆ ಕಟ್ಟಿದೆ’ ಅಂತ ತಾನೆ? ಹೇಳಿದ್ನಲ್ಲ, ಮಾಲೀಕರ ಮೇಲೆ ನಂಬಿಕೆ ಇಲ್ಲ ಅಂತ. ಪೀಣ್ಯದಲ್ಲಿ... ಶ್ರೀಕಂಠನಿಗೆ...

ಅದು ನಿಜ. ಆ ಮಾತು ಒಂದೊಂದು ಅಕ್ಷರಾನೂ ನಿಜ.

ಕೈ ಚಾಚ್ಕೊಂಡು ಹಂಗೇ ನಿಂತಿದ್ದೀಯ.

ಫೆಬ್ರವರೀಲಿ ನೇಸ್ ರಸ್ತೇಲಿ ನನ್ನ ಬಸ್ಸು ಹಳದಿ ಗೆರೆ ದಾಟಿ ಬೇಲಿಗೆ ತಾಗ್ತು. ಇಪ್ಪತ್ತಾರು ಜನ ಇದ್ರು ಒಳಗೆ, ಆಫೀಸಿಂದ ಮನೆಗೆ ಹೋಗೋರು. ಯಾರಿಗೂ ಏನಾಗ್ಲಿಲ್ಲ, ಕನ್ನಡಿ ಒಡೀತು ಅಷ್ಟೇ. ನರಿ ಅಡ್ಡ ಬಂತು ಅಂದೆ. ಇಲ್ಲಿ ನರಿಗಳು ಬರ್ತವಲ್ಲ ರಸ್ತೆಗೆ, ಎಲ್ಲರೂ ನಂಬಿದ್ರು. ಮುಂದಿನ ಸೀಟಲ್ಲಿ ಒಬ್ಳು ಮುದುಕಿ ಇದ್ಲು, ಇಳಿಯುವಾಗ ನನ್ನ ಕೈ ಹಿಡ್ಕೊಂಡು ‘ಪಾಪದ ನರಿ, ನೀನು ಒಳ್ಳೆಯವನು ಕಣಪ್ಪ’ ಅಂದ್ಲು. ಡಿಪೋದಲ್ಲಿ ಫಾರಂ ಮೇಲೂ ಹಂಗೇ ಬರ್ದೆ. ರಾಜಮ್ಮಂಗೂ ಹಂಗೇ ಹೇಳ್ದೆ.

ನರಿ ಬಂತು ಶೆರಿನ್. ಕೆಂಪಗಿತ್ತು. ಎಡಗಡೆಯಿಂದ ಹಿಂಗೆ...

ಬರ್ಲಿಲ್ಲ.

ನರಿ ಬರ್ಲಿಲ್ಲ. ನನಗೆ ಎಚ್ಚರ ಆಗಿದ್ದೇ ಆ ಮುದುಕಿ ಕೂಗಿದ್ದಕ್ಕೆ.

ತಗೋ ಕೀ.